ಕಾಂಕ್ರೀಟಿಗೆ ಆಗುವ ಚಳಿ ಕಾರ್ಮಿಕನಿಗಿಲ್ಲವೇ?

ಕಾಂಕ್ರೀಟಿಗೂ ಚಳಿಯಾಗುತ್ತದೆ ಎಂಬುದನ್ನು ನಮ್ಮ ದೇಶ 1981ರಲ್ಲೇ ಅಧಿಕೃತವಾಗಿ ಒಪ್ಪಿಕೊಂಡಿದೆ. ಆ ವರ್ಷದ ಐಎಸ್ 7861 ಎಂಬ ಭಾರತೀಯ ಮಾನಕದ ಎರಡನೇ ಭಾಗವು, ಹೊರಗಿನ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್‌ಗೆ ಅಥವಾ ಅದಕ್ಕಿಂತ ಕೆಳಗೆ ಇಳಿದಾಗ ಕಾಂಕ್ರೀಟನ್ನು ಹೇಗೆ ಕಾಪಾಡಬೇಕೆಂದು ವಿವರಿಸುತ್ತದೆ. ಕಲಸುವ ನೀರನ್ನು ಬಿಸಿ ಮಾಡಬೇಕು, ಹೆಪ್ಪುಗಟ್ಟಿದ ಜಲ್ಲಿಯನ್ನು ಬಳಸಬಾರದು, ಹಾಕಿದ ಕಾಂಕ್ರೀಟಿನ ಶಾಖ ಸೋರಿಹೋಗದಂತೆ ಹೊದಿಕೆ ಹಾಕಬೇಕು. ಎಲ್ಲವೂ ಸರಿಯೇ. ಆದರೆ ಅದೇ ಮುಂಜಾನೆ, ಅದೇ ಕಾಂಕ್ರೀಟನ್ನು ಬಾಂಡಲಿಯಲ್ಲಿ ಹೊತ್ತು ಮೂರನೇ ಅಂತಸ್ತಿಗೆ ಏರುವ ಕಾರ್ಮಿಕನ ಮೈಯನ್ನು ಎಷ್ಟು ಡಿಗ್ರಿಯಿಂದ ಕೆಳಗೆ ಕಾಪಾಡಬೇಕು? ಬಯಲಿನಲ್ಲಿ ದುಡಿಯುವವರ ಮಟ್ಟಿಗೆ ಅಂತಹ ಒಂದು ಗಡಿರೇಖೆಯನ್ನು ನಮ್ಮ ಕಾರ್ಮಿಕ ಕಾನೂನು ಇಂದಿಗೂ ಎಳೆದಿಲ್ಲ.

ಬೆಂಗಳೂರಿನ ಹಿತವಾದ ಚಳಿಯಲ್ಲಿ ಕುಳಿತವರಿಗೆ ಇದು ದೂರದ ಪ್ರಶ್ನೆಯೆನಿಸಬಹುದು. ಉತ್ತರದ ಬಯಲಿನಲ್ಲಿ ಅದು ಪ್ರತಿ ಡಿಸೆಂಬರ್ ಮತ್ತು ಜನವರಿಯ ದಿನನಿತ್ಯದ ಪ್ರಶ್ನೆ. 2019ರ ಡಿಸೆಂಬರ್ 30ರಂದು ದೆಹಲಿಯ ಗರಿಷ್ಠ ಉಷ್ಣತೆಯೇ 9.4 ಡಿಗ್ರಿ ದಾಟಲಿಲ್ಲ. 2021ರ ಜನವರಿ 1ರ ಮುಂಜಾನೆ ಕನಿಷ್ಠ ಉಷ್ಣತೆ 1.1 ಡಿಗ್ರಿಗೆ ಇಳಿಯಿತು. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣತೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎಂದೂ, 2 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿದರೆ ತೀವ್ರ ಶೀತಗಾಳಿ ಎಂದೂ ಘೋಷಿಸುತ್ತದೆ. ಘೋಷಣೆ ಹೊರಟೊಡನೆ ಅನೇಕ ಕಡೆ ಶಾಲೆಗಳಿಗೆ ರಜೆ ಸಿಗುತ್ತದೆ, ಇಲ್ಲವೇ ವೇಳೆ ಬದಲಾಗುತ್ತದೆ. ಕಟ್ಟಡದ ಕೆಲಸ ಮಾತ್ರ ಎಂದಿನಂತೆ ಆರಂಭವಾಗುತ್ತದೆ.

ಶೀತಗಾಳಿಯನ್ನು ಪರಿಹಾರ ನಿಧಿಗೆ ಅರ್ಹವಾದ ವಿಪತ್ತುಗಳ ಪಟ್ಟಿಗೆ ಸೇರಿಸಿದ್ದು 2012ರಲ್ಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅಂಕಿಅಂಶಗಳನ್ನು ಉಲ್ಲೇಖಿಸಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2025ರಲ್ಲಿ ರಾಜ್ಯಗಳಿಗೆ ಬರೆದ ಪತ್ರದ ಪ್ರಕಾರ, 2019ರಿಂದ 2023ರವರೆಗೆ ಚಳಿಗೆ ಸತ್ತವರು 3,639 ಮಂದಿ. ಚಳಿಯಲ್ಲಿ ದುಡಿದು ಹೃದಯಾಘಾತದಿಂದ ಕುಸಿದವರು ಸಾಮಾನ್ಯವಾಗಿ ಈ ಲೆಕ್ಕದೊಳಗೆ ಬರುವುದಿಲ್ಲ. ಸರ್ಕಾರಗಳ ಪ್ರತಿಕ್ರಿಯೆಯೂ ಗೊತ್ತಿರುವಂಥದ್ದೇ: ಕಂಬಳಿ ಹಂಚಿಕೆ, ರಾತ್ರಿ ತಂಗುದಾಣ, ವೃತ್ತಗಳಲ್ಲಿ ಸೌದೆಯ ಬೆಂಕಿ. ಇವು ಬೇಡವೆನ್ನುವವರಿಲ್ಲ. ಆದರೆ ಇವೆಲ್ಲವೂ ಮಲಗುವ ಬಡವನನ್ನು ಕಾಣುತ್ತವೆ, ದುಡಿಯುವ ಬಡವನನ್ನು ಕಾಣುವುದಿಲ್ಲ. ಚಳಿಯನ್ನು ನಾವು ವಿಪತ್ತೆಂದು ಒಪ್ಪಿಕೊಂಡಿದ್ದೇವೆ. ಕೆಲಸದ ಸ್ಥಿತಿಗತಿಯ ಒಂದು ಅಂಗವೆಂದು ಒಪ್ಪಿಕೊಂಡಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಕಾರ್ಮಿಕನ ಚಳಿ ಸರ್ಕಾರದ ಕಡತಗಳಲ್ಲಿ ಕಾಣಿಸಿಕೊಂಡಾಗಲೂ ಬೇರೆ ಯಾವುದೋ ಚಿಂತೆಯ ಬೆನ್ನು ಹತ್ತಿ ಬರುತ್ತದೆ. ರಾಜಧಾನಿ ಪ್ರದೇಶದ ವಾಯುಮಾಲಿನ್ಯ ನಿಯಂತ್ರಣ ಯೋಜನೆಯಲ್ಲಿ, ಬಡಾವಣೆಗಳ ನಿವಾಸಿ ಸಂಘಗಳು ತಮ್ಮ ಕಾವಲುಗಾರರಿಗೆ ಚಳಿಗಾಲದಲ್ಲಿ ವಿದ್ಯುತ್ ಹೀಟರ್ ಒದಗಿಸಬೇಕೆಂಬ ಸೂಚನೆಯಿದೆ. ಒಳ್ಳೆಯ ಸೂಚನೆ. ಅದರ ಉದ್ದೇಶ ಮಾತ್ರ ಕಾವಲುಗಾರ ಕಸಕಡ್ಡಿ ಸುಟ್ಟು ಹೊಗೆಯೆಬ್ಬಿಸದಂತೆ ತಡೆಯುವುದು. ಅದೇ ಯೋಜನೆಯಡಿ ಕಟ್ಟಡ ಕೆಲಸ ನಿಂತಾಗ ಕೂಲಿ ಕಳೆದುಕೊಂಡವರಿಗೆ ಕಾರ್ಮಿಕ ಸೆಸ್ ನಿಧಿಯಿಂದ ಜೀವನಾಧಾರ ಭತ್ಯೆ ನೀಡುವಂತೆ ಸುಪ್ರೀಂ ಕೋರ್ಟ್ 2024ರಲ್ಲಿ ನಿರ್ದೇಶಿಸಿತು. ದೆಹಲಿ ಸರ್ಕಾರ ಆಗ ನೋಂದಾಯಿತ ಕಾರ್ಮಿಕರಿಗೆ ತಲಾ 8,000 ರೂಪಾಯಿಗಳ ಲೆಕ್ಕ ಹಾಕಿತು. ಕೆಲಸ ನಿಲ್ಲಿಸಿದರೆ ಕೂಲಿಯ ಹೊಣೆಯನ್ನು ಯಾರಾದರೂ ಹೊರಬೇಕು ಎಂಬ ತತ್ವವನ್ನು ಹೊಗೆಯ ವಿಷಯದಲ್ಲಿ ದೇಶ ಒಪ್ಪಿದಂತಾಯಿತು. ಚಳಿಯ ವಿಷಯದಲ್ಲಿ ಆ ಮಾತು ಇನ್ನೂ ಯಾರ ಬಾಯಲ್ಲೂ ಬಂದಿಲ್ಲ.

ಇಷ್ಟಕ್ಕೂ ಈ ಹೊಣೆ ಬಂದು ಬೀಳುವುದು ಯಾರ ಹೆಗಲ ಮೇಲೆ? 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಒಂದಾದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯು ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಅದು ಸ್ಥಾನ ತುಂಬಿದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಮಿತಿಯೂ ಹತ್ತೇ ಆಗಿತ್ತು. 2013–14ರ ಆರನೇ ಆರ್ಥಿಕ ಗಣತಿಯಲ್ಲಿ ಸುಮಾರು 5.85 ಕೋಟಿ ಸಂಸ್ಥೆಗಳು ಲೆಕ್ಕಕ್ಕೆ ಸಿಕ್ಕವು. ಒಂದೊಂದರಲ್ಲಿ ದುಡಿಯುತ್ತಿದ್ದವರು ಸರಾಸರಿ 2.24 ಮಂದಿ. ಹತ್ತರ ಗೆರೆಯಿಂದ ಕೆಳಗಿರುವ ಭಾರತ ಎಷ್ಟು ದೊಡ್ಡದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಐದಾರು ಮಂದಿಯ ತಂಡ ಕಟ್ಟಿಕೊಂಡು ಗಾರೆ, ಸೆಂಟ್ರಿಂಗ್, ಬಣ್ಣ, ಕೊಳಾಯಿ ಕೆಲಸಗಳ ತುಂಡುಗುತ್ತಿಗೆ ಹಿಡಿಯುವ ಮೇಸ್ತ್ರಿಯೇ ಅಲ್ಲಿನ ಧಣಿ. ಸುರಕ್ಷತಾ ಅಧಿಕಾರಿ, ವೈದ್ಯ, ಹಾಜರಿ ಗುಮಾಸ್ತ ಎಲ್ಲವೂ ಅವನೇ.

ಈ ಮೇಸ್ತ್ರಿಯನ್ನು ಖಳನಾಯಕನೆಂದು ಚಿತ್ರಿಸುವುದು ಸುಲಭ. ದೆಹಲಿಯ ಹೊರವಲಯದಲ್ಲಿ ಇಂಥ ಕೆಲವರೊಡನೆ ಮಾತನಾಡಿದಾಗ ನನಗೆ ತಿಳಿದುಬಂದದ್ದು ಬೇರೆ. ಹುಡುಗರನ್ನು ಒಂಬತ್ತೂವರೆಗೆ ಇಳಿಸಿದರೆ ತನಗೇನೂ ನಷ್ಟವಿಲ್ಲ, ಆದರೆ ಮೇಲಿನ ಗುತ್ತಿಗೆದಾರ ದಿನ ಎಣಿಸುತ್ತಾನೆ ಎಂದು ಒಬ್ಬರು ಹೇಳಿದರು. ಹೊಗೆಯ ಕಾರಣಕ್ಕೆ ನಿಂತಿದ್ದ ಕೆಲಸ ಪುನರಾರಂಭವಾದಾಗ ಕಳೆದುಹೋದ ದಿನಗಳನ್ನು ತುಂಬಿಕೊಡುವ ಆತುರ ಬೀಳುವುದೂ ಚಳಿಯ ವಾರಗಳ ಮೇಲೆಯೇ. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಷರತ್ತುಗಳಲ್ಲಿ ಹವಾಮಾನ ಅಸಾಧಾರಣವಾಗಿ ಕೆಟ್ಟಾಗ ಅವಧಿ ವಿಸ್ತರಣೆ ಕೇಳಲು ಅವಕಾಶವಿದೆ. ಅದು ಕಾಗದದ ಮೇಲೆ ಸಹಿ ಹಾಕಿದ ದೊಡ್ಡ ಗುತ್ತಿಗೆದಾರನಿಗೆ ಸಿಗುವ ಸೌಲಭ್ಯ. ಬಾಯಿಮಾತಿನ ಒಪ್ಪಂದದ ಮೇಲೆ ದುಡಿಯುವ ಕೊನೆಯ ಮೇಸ್ತ್ರಿಯವರೆಗೆ ಅದು ಇಳಿದು ಬರುವುದಿಲ್ಲ. ಕೆಳಗೆ ಇಳಿಯುವುದು ಗಡುವು ಮಾತ್ರ.

ಚಳಿ ದೇಹಕ್ಕೆ ಮಾಡುವುದೇನು ಎಂಬುದನ್ನೂ ಸ್ವಲ್ಪ ತಿಳಿಯಬೇಕು. ಉಷ್ಣತೆ ಸೊನ್ನೆಗೆ ಇಳಿಯದಿದ್ದರೆ ಅಪಾಯವಿಲ್ಲ ಎಂಬ ನಂಬಿಕೆ ತಪ್ಪು. 5 ಡಿಗ್ರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಬರಿಮೈಗೆ ಅದು ಸುಮಾರು 1 ಡಿಗ್ರಿಯಂತೆ ತಟ್ಟುತ್ತದೆ. ಒದ್ದೆ ಬಟ್ಟೆ ಇನ್ನೂ ಕೆಟ್ಟದ್ದು. ನೀರು ಗಾಳಿಗಿಂತ ಇಪ್ಪತ್ತೈದು ಪಟ್ಟು ವೇಗವಾಗಿ ಮೈಯ ಶಾಖವನ್ನು ಹೀರುತ್ತದೆ. ಗಾರೆ ಕಲಸುವವನ ಕೈ ಯಾವಾಗಲೂ ಒದ್ದೆ. ಚಳಿಗೆ ಚರ್ಮದ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರುತ್ತದೆ, ಹೃದಯದ ಮೇಲಿನ ಹೊರೆ ಹೆಚ್ಚುತ್ತದೆ. ಬೆರಳುಗಳು ಮರಗಟ್ಟಿ ಹಿಡಿತ ಸಡಿಲುತ್ತದೆ. ಸಾರುವೆಯ ಮೇಲೆ ನಿಂತವನಿಗೆ ಆ ಸಡಿಲಿಕೆಯ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಅಂಥ ಸಾವು ಬೀಳುವಿಕೆಯ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ಚಳಿಯ ಲೆಕ್ಕಕ್ಕಲ್ಲ. ದೇಹದ ಒಳತಾಪ 35 ಡಿಗ್ರಿಗಿಂತ ಕೆಳಗಿಳಿದರೆ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಬುದ್ಧಿ ಮಂಕಾಗುತ್ತದೆ. ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದನೆಂದರೆ ಅದು ಸಮಾಧಾನದ ಸಂಗತಿಯಲ್ಲ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣ.

ಇದನ್ನು ನಿಭಾಯಿಸುವ ವಿದ್ಯೆ ಗೊತ್ತಿಲ್ಲದ್ದೇನಲ್ಲ. ಕೆನಡಾದ ಸಸ್ಕಾಚುವಾನ್ ಪ್ರಾಂತ್ಯದ ಕಾರ್ಮಿಕ ಇಲಾಖೆ ರೂಪಿಸಿ, ಮುಂದೆ ಅಮೆರಿಕದ ತಜ್ಞರೂ ಅಳವಡಿಸಿಕೊಂಡ ಒಂದು ವೇಳಾಪಟ್ಟಿಯಿದೆ. ಉಷ್ಣತೆ ಮತ್ತು ಗಾಳಿಯ ವೇಗ ನೋಡಿಕೊಂಡು, ಎಷ್ಟು ನಿಮಿಷದ ಕೆಲಸಕ್ಕೆ ಎಷ್ಟು ಬಾರಿ ಬೆಚ್ಚನೆಯ ಕೋಣೆಯಲ್ಲಿ ಹತ್ತು ನಿಮಿಷದ ಬಿಡುವು ಎಂದು ಅದು ಹೇಳುತ್ತದೆ. ಅದರ ಅಂಕಿಗಳು ಮೈನಸ್ 26 ಡಿಗ್ರಿಯಿಂದ ಆರಂಭವಾಗುತ್ತವೆ. ದಪ್ಪ ಉಡುಪು, ಒಣಗಿದ ಬೂಟು, ಬಿಸಿಯಾದ ಕೋಣೆ ಇರುವ ಕಾರ್ಮಿಕನಿಗೆ ಹೊಲಿದ ಅಂಗಿಯದು. ಹತ್ತಿಯ ಶಾಲು ಹೊದ್ದು ರಬ್ಬರ್ ಚಪ್ಪಲಿಯಲ್ಲಿ ನಿಂತ ನಮ್ಮವನಿಗೆ ಅದೇ ಅಂಕಿಗಳು ಒಗ್ಗುವುದಿಲ್ಲ. ಒಗ್ಗುವುದು ಅದರ ಹಿಂದಿನ ತತ್ವ: ಬಿಡುವು ಧಣಿಯ ಕರುಣೆಗೆ ಬಿಟ್ಟ ವಿಷಯವಲ್ಲ, ಉಷ್ಣಮಾಪಕಕ್ಕೆ ಬಿಟ್ಟದ್ದು.

ಐದಾರು ಆಳುಗಳ ಮೇಸ್ತ್ರಿಗೂ ಸಾಧ್ಯವಾಗುವ ಕ್ರಮಗಳು ಕೆಲವಿವೆ. ಶೀತಗಾಳಿಯ ಮುನ್ಸೂಚನೆ ಬಂದ ದಿನ ಕೆಲಸವನ್ನು ಬಿಸಿಲೇರಿದ ಮೇಲೆ ಆರಂಭಿಸುವುದು; ಎತ್ತರದ ಮತ್ತು ನೀರಿನ ಕೆಲಸಗಳನ್ನು ಮಧ್ಯಾಹ್ನಕ್ಕೆ ತಳ್ಳುವುದು; ಒಬ್ಬೊಬ್ಬರಿಗೆ ಎರಡು ಜೊತೆ ಕೈಗವಸು ಕೊಟ್ಟು ಒಂದನ್ನು ಒಣಗಲು ಬಿಡುವುದು; ಬಿಸಿ ಚಹಾ ಒದಗಿಸುವುದು; ಒಬ್ಬರನ್ನೊಬ್ಬರು ಗಮನಿಸುವಂತೆ ಇಬ್ಬಿಬ್ಬರನ್ನು ಜೊತೆ ಮಾಡುವುದು. ಮದ್ಯ ಮೈ ಬೆಚ್ಚಗಾದ ಭ್ರಮೆ ಹುಟ್ಟಿಸಿ ಒಳಗಿನ ಶಾಖವನ್ನು ಇನ್ನಷ್ಟು ಬೇಗ ಕಳೆಯುತ್ತದೆ ಎಂಬುದನ್ನು ತಿಳಿಸಿ ಹೇಳಬೇಕು. ಕಾರ್ಮಿಕರು ಮಲಗುವ ತಗಡಿನ ಶೆಡ್ಡಿನ ಹೊಣೆಯೂ ಅವನದೇ. ಬಾಗಿಲು ಕಿಟಕಿ ಬಿಗಿದು ಇದ್ದಿಲ ಅಗ್ಗಿಷ್ಟಿಕೆ ಹೊತ್ತಿಸಿಕೊಂಡು ಮಲಗಿದವರು ಕಾರ್ಬನ್ ಮಾನಾಕ್ಸೈಡ್ ಸೇವಿಸಿ ಬೆಳಗಾಗುವಷ್ಟರಲ್ಲಿ ಸತ್ತ ಸುದ್ದಿ ಉತ್ತರ ಭಾರತದ ಪತ್ರಿಕೆಗಳಲ್ಲಿ ಚಳಿಗಾಲದುದ್ದಕ್ಕೂ ಬರುತ್ತಿರುತ್ತದೆ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಡ. ಹಾಗಿದ್ದೂ ಇವು ನಡೆಯುವುದಿಲ್ಲವೆಂದರೆ ಕಾರಣ ಒಂದೇ: ಬೆಳಗಿನ ಎರಡು ಗಂಟೆಯ ಕೂಲಿ ಯಾರು ಕೊಡಬೇಕು? ದಿನಗೂಲಿಯವನಿಗೆ ಅರ್ಧ ಹಾಜರಿ ಬಿದ್ದರೆ, ಅಳತೆಯ ಮೇಲೆ ದುಡಿಯುವವನಿಗೆ ಅಳತೆ ಕಡಿಮೆಯಾದರೆ, ಅವನೇ ನಸುಕಿನಲ್ಲಿ ಬಂದು ನಿಲ್ಲುತ್ತಾನೆ. ಕಾರ್ಮಿಕರೇ ಬಿಡುವು ಬೇಡವೆನ್ನುತ್ತಾರೆ ಎಂಬ ವಾದದ ಒಳಗುಟ್ಟು ಇಷ್ಟೇ. ಕೂಲಿಯನ್ನು ಮುಟ್ಟದ ಯಾವ ಸುರಕ್ಷತಾ ಸಲಹೆಯೂ ಅವನ ಪಾಲಿಗೆ ಉಪದೇಶವಾಗಿಯೇ ಉಳಿಯುತ್ತದೆ.

ಈ ಗಂಟನ್ನು ಬಿಡಿಸುವ ದಾರಿಯೊಂದು ಕರ್ನಾಟಕಕ್ಕೆ ಗೊತ್ತಿದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುವುದು ಎಲ್ಲರೂ ಬಲ್ಲ ರೂಢಿ. ಅದಕ್ಕಿಂತ ಮುಖ್ಯವಾದದ್ದು, ಮಹಾತ್ಮ ಗಾಂಧಿ ಉದ್ಯೋಗ ಖಾತರಿ ಯೋಜನೆಯಡಿ ಆ ಭಾಗದ ಕೂಲಿಕಾರರಿಗೆ ಬೇಸಿಗೆಯಲ್ಲಿ ಕೆಲಸದ ಅಳತೆಯಲ್ಲಿ ರಿಯಾಯಿತಿ ಕೊಡುತ್ತಿದ್ದುದು: ಅಗೆದ ಮಣ್ಣು ಕಡಿಮೆ, ಕೂಲಿ ಪೂರ್ತಿ. ಬಿಸಿಲಿನಲ್ಲಿ ಮನುಷ್ಯ ಅಷ್ಟೇ ದುಡಿಯಲಾರ ಎಂಬ ಸರಳ ಸತ್ಯವನ್ನು ಕೂಲಿಯ ಲೆಕ್ಕದಲ್ಲಿ ಬರೆದುಕೊಂಡ ವಿವೇಕ ಅದು. ಬಿಸಿಲಿಗೆ ಸಲ್ಲುವ ವಿವೇಕ ಚಳಿಗೆ ಸಲ್ಲಬಾರದೇಕೆ?

ಉತ್ತರದವರಿಗೆ ಚಳಿ ಅಭ್ಯಾಸವಾಗಿದೆ ಎಂಬ ಮಾತೂ ಕೇಳಿಬರುತ್ತದೆ. ಬಿಸಿಲಿಗೆ ಒಂದೆರಡು ವಾರಗಳಲ್ಲಿ ಹೊಂದಿಕೊಳ್ಳುವ ಮನುಷ್ಯದೇಹ ಚಳಿಗೆ ಅಷ್ಟು ಚೆನ್ನಾಗಿ ಹೊಂದಿಕೊಳ್ಳುವುದಿಲ್ಲ ಎನ್ನುತ್ತದೆ ಶರೀರವಿಜ್ಞಾನ. ಚಳಿಯಿಂದ ಮನುಷ್ಯನನ್ನು ಕಾಪಾಡುವುದು ಬಟ್ಟೆ, ಬೆಂಕಿ ಮತ್ತು ಸೂರು. ಅಭ್ಯಾಸದ ಮಾತನ್ನಾಡುವವರು ಸಾಮಾನ್ಯವಾಗಿ ಈ ಮೂರೂ ಇದ್ದವರು.

ಆಗಬೇಕಾದದ್ದು ಮೂರು ಕೆಲಸ. ಹತ್ತಕ್ಕಿಂತ ಕಡಿಮೆ ಕಾರ್ಮಿಕರಿದ್ದರೂ, ಅಪಾಯಕಾರಿ ಅಥವಾ ಜೀವಕ್ಕೆ ಕುತ್ತು ತರುವ ಕೆಲಸವೆಂದು ಅಧಿಸೂಚನೆ ಹೊರಡಿಸಿ ಸುರಕ್ಷತಾ ಸಂಹಿತೆಯನ್ನು ಅನ್ವಯಿಸಲು ಸರ್ಕಾರಕ್ಕೆ ಅಧಿಕಾರವಿದೆ. ತೀವ್ರ ಶೀತಗಾಳಿಯ ದಿನಗಳಲ್ಲಿ ಎತ್ತರದ ಮೇಲೆ ಮತ್ತು ನೀರಿನಲ್ಲಿ ಮಾಡುವ ಕೆಲಸವನ್ನು ಆ ಪಟ್ಟಿಗೆ ತರಬೇಕು. ಎರಡನೆಯದಾಗಿ, ಶೀತಗಾಳಿ ಘೋಷಣೆಯಾದ ದಿನ ಗಡುವು ತಾನಾಗಿಯೇ ಮುಂದೆ ಸರಿಯುವ ಷರತ್ತು ಸರ್ಕಾರಿ ಗುತ್ತಿಗೆಗಳಲ್ಲಿರಬೇಕು. ಅದರ ಲಾಭ ಉಪಗುತ್ತಿಗೆದಾರನಿಗೂ ದಕ್ಕಬೇಕು. ಮೂರನೆಯದಾಗಿ, ಹೊಗೆಯ ದಿನಗಳಿಗೆ ತೆರೆದ ಸೆಸ್ ನಿಧಿ ಚಳಿಯಿಂದ ಕಳೆದುಹೋದ ಗಂಟೆಗಳ ಕೂಲಿಗೂ ತೆರೆಯಬೇಕು. ಅದಕ್ಕೆ ನೋಂದಣಿ ವ್ಯಾಪಕವಾಗಬೇಕಾದದ್ದು ನಿಜ. ಆ ಕೆಲಸ ಹೇಗೂ ಬಾಕಿಯಿದೆ.

ಕಾಂಕ್ರೀಟ್ ಚಳಿಗೆ ಕೆಟ್ಟರೆ ಬಿರುಕು ಗೋಡೆಯಲ್ಲಿ ಕಾಣಿಸುತ್ತದೆ, ನಷ್ಟ ಮಾಲೀಕನಿಗೆ ತಟ್ಟುತ್ತದೆ, ಆದ್ದರಿಂದ ಅದಕ್ಕೊಂದು ಮಾನಕ ಹುಟ್ಟಿತು. ಕಾರ್ಮಿಕ ಚಳಿಗೆ ಕೆಟ್ಟರೆ ಮರುದಿನ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಬದಲಾಗುತ್ತದೆ. 5 ಡಿಗ್ರಿಯ ಗೆರೆಯನ್ನು ಎಳೆಯಲು ಹೊಸ ಸಂಶೋಧನೆ ಬೇಕಿಲ್ಲ. ಎಳೆದದ್ದಾಗಿದೆ, ಅದರ ಈಚೆಗೆ ಮನುಷ್ಯನನ್ನೂ ಸೇರಿಸಿಕೊಳ್ಳಬೇಕಷ್ಟೆ.