ಕೀ ಕಳೆದರೆ ಕಾರಿನ ಮೇಲಿನ ಹಕ್ಕೂ ಕಳೆಯಬೇಕೆ?

ಎರಡು ಕೀಗಳಲ್ಲಿ ಒಂದು ಕಳೆದರೆ ಕಾರಿನ ಮಾಲೀಕರಿಗೆ ಅದು ಸಣ್ಣ ತಲೆನೋವು. ಇರುವುದೇ ಒಂದು ಕೀ, ಅದೂ ಕಳೆಯಿತೆಂದರೆ ಕಾರು ಮನೆಯ ಮುಂದೆ ನಿಂತಿದ್ದೂ ಇಲ್ಲದಂತೆ. ಆರ್‌ಸಿಯಲ್ಲಿ ಅವರದೇ ಹೆಸರಿದೆ, ವಿಮೆ ಚಾಲ್ತಿಯಲ್ಲಿದೆ, ಸಾಲದ ಕಂತು ತಿಂಗಳು ತಿಂಗಳೂ ಖಾತೆಯಿಂದ ಹೋಗುತ್ತಿದೆ. ಆದರೂ ಆ ವಾಹನವನ್ನು ಒಂದಡಿ ಕದಲಿಸಲು ಅವರಿಂದಾಗದು. ಇಂಥ ಹೊತ್ತಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಕಾರನ್ನು ಟೋ ಮಾಡಿಸಿ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ತನ್ನಿ; ಆರ್‌ಸಿ, ಗುರುತಿನ ಚೀಟಿ, ಪೊಲೀಸ್ ದೂರಿನ ಪ್ರತಿ ಕೊಡಿ; ಕೀ ಆರ್ಡರ್ ಹಾಕುತ್ತೇವೆ, ಬರುವವರೆಗೆ ಕಾಯಿರಿ. ದಾಖಲೆ ಕೇಳುವುದರಲ್ಲಿ ತಪ್ಪಿಲ್ಲ, ಕೇಳಲೇಬೇಕು. ಆದರೆ ದಾಖಲೆಯೆಲ್ಲ ಸರಿಯಿದ್ದ ಮೇಲೂ ಹೋಗಲು ಒಂದೇ ಬಾಗಿಲು ಏಕಿರಬೇಕು? ತನ್ನ ವಾಹನಕ್ಕೆ ಹೊಸ ಕೀ ಮಾಡಿಸಿಕೊಳ್ಳುವುದು ಮಾಲೀಕತ್ವದ ಭಾಗವೇ ಹೊರತು ತಯಾರಿಕಾ ಕಂಪನಿ ತೋರುವ ಕೃಪೆಯಲ್ಲ ಎಂಬುದನ್ನು ನಮ್ಮ ಕಾನೂನು ಸ್ಪಷ್ಟವಾಗಿ ಹೇಳಬೇಕಾದ ಕಾಲ ಬಂದಿದೆ.

ಒಂದೇ ಕೀ ಕಳೆಯುವುದು ಇಷ್ಟು ದೊಡ್ಡ ಸಂಕಟವಾಗಲು ತಾಂತ್ರಿಕ ಕಾರಣವಿದೆ. ಹಳೆಯ ಕಾರುಗಳ ಕೀ ಬರೀ ಲೋಹದ ತುಂಡು. ಹಲ್ಲುಗಳನ್ನು ಸರಿಯಾಗಿ ಕೊರೆದರೆ ಕೆಲಸ ಮುಗಿಯಿತು. ಇಂದಿನ ಕೀಯ ಪ್ಲಾಸ್ಟಿಕ್ ಹಿಡಿಯೊಳಗೆ ಟ್ರಾನ್ಸ್‌ಪಾಂಡರ್ ಎಂಬ ಪುಟ್ಟ ಚಿಪ್ ಇರುತ್ತದೆ. ನಮ್ಮ ಜನ ಇದನ್ನು ಸೆನ್ಸರ್ ಕೀ ಎನ್ನುತ್ತಾರೆ. ಕೀ ತಿರುಗಿಸುವ ಜಾಗದ ಸುತ್ತ ಇರುವ ಸುರುಳಿಯಿಂದಲೇ ಆ ಚಿಪ್‌ಗೆ ವಿದ್ಯುತ್ ಸಿಗುತ್ತದೆ. ಅದು ತನ್ನ ಗುರುತು ಹೇಳುತ್ತದೆ, ಕಾರಿನ ಕಂಪ್ಯೂಟರ್ ಒಪ್ಪಿದರೆ ಮಾತ್ರ ಎಂಜಿನ್‌ ಚಾಲೂ ಆಗುತ್ತದೆ. ಈ ವ್ಯವಸ್ಥೆಯೇ ಇಮೊಬಿಲೈಸರ್. ಕೈಯಲ್ಲಿ ಒಂದು ಕೀ ಇದ್ದಾಗ ಇನ್ನೊಂದನ್ನು ಸೇರಿಸುವುದು ಅನೇಕ ಕಾರುಗಳಲ್ಲಿ ಸುಲಭ. ಎಲ್ಲ ಕೀಗಳೂ ಹೋದ ಮೇಲೆ ಕಾರಿನ ಕಂಪ್ಯೂಟರ್‌ಗೆ ಹೊಸ ಕೀಯನ್ನು ಪರಿಚಯಿಸಲು ತಯಾರಕರ ಬಳಿಯಿರುವ ಗುಪ್ತ ಸಂಖ್ಯೆಯೋ ಅವರ ಸರ್ವರ್‌ನ ಅನುಮತಿಯೋ ಬೇಕಾಗುತ್ತದೆ. ಅದಿಲ್ಲದಿದ್ದರೆ ಕಂಪ್ಯೂಟರನ್ನು ಬಿಚ್ಚಿ ಅದರ ನೆನಪಿನ ಚಿಪ್ ಓದುವ ನಾಜೂಕಿನ ಕೆಲಸಕ್ಕೆ ಇಳಿಯಬೇಕು. ಕೈತಪ್ಪಿದರೆ ಕಂಪ್ಯೂಟರೇ ಕೆಡುತ್ತದೆ. ಕೆಲವು ಮಾದರಿಗಳಲ್ಲಿ ಲಾಕ್ ಸೆಟ್, ಕಂಪ್ಯೂಟರ್ ಎರಡನ್ನೂ ಬದಲಿಸುವ ಸಲಹೆ ಬರುತ್ತದೆ. ಹಾಗಾಗಿ ಎರಡನೇ ಕೀಗೆ ತಗಲುವ ಖರ್ಚು ಮತ್ತು ಕಡೆಯ ಕೀ ಕಳೆದಾಗ ತಗಲುವ ಖರ್ಚಿನ ನಡುವೆ ಅಜಗಜಾಂತರ.

ಇಮೊಬಿಲೈಸರ್ ಬೇಡವೆಂದು ಯಾರೂ ವಾದಿಸಬಾರದು. ಐರೋಪ್ಯ ಒಕ್ಕೂಟ 1998ರ ಅಕ್ಟೋಬರ್‌ನಿಂದ ಹೊಸ ಕಾರುಗಳಿಗೆ ಅದನ್ನು ಕಡ್ಡಾಯ ಮಾಡಿತು; ಆಸ್ಟ್ರೇಲಿಯಾ 2001ರಲ್ಲಿ, ಕೆನಡಾ 2007ರಲ್ಲಿ ಅದೇ ದಾರಿ ಹಿಡಿದವು. ಅಮೆರಿಕ ಕಡ್ಡಾಯ ಮಾಡಲಿಲ್ಲ. ಅಲ್ಲಿ 2015ರ ಮಾದರಿಯ ಇತರ ಕಂಪನಿಗಳ ಕಾರುಗಳಲ್ಲಿ ಶೇ 96ರಷ್ಟಕ್ಕೆ ಇಮೊಬಿಲೈಸರ್ ಇದ್ದರೆ, ಹ್ಯುಂಡೈ ಮತ್ತು ಕಿಯಾ ಕಾರುಗಳಲ್ಲಿ ಇದ್ದದ್ದು ಶೇ 26ಕ್ಕೆ ಮಾತ್ರ. ಈ ಕೊರತೆಯನ್ನು ಬಳಸಿಕೊಳ್ಳುವ ಬಗೆ 2021ರ ನಂತರ ಸಾಮಾಜಿಕ ಜಾಲತಾಣಗಳಲ್ಲಿ ಹರಡಿತು. ಆ ಕಾರುಗಳ ಕಳ್ಳತನ ನಗರ ನಗರಗಳಲ್ಲಿ ಏರಿತು. ಚಿಪ್ ಇರುವ ಕೀ ಮಾಲೀಕರನ್ನು ಕಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಕಳ್ಳನನ್ನು ತಡೆಯಲು ಹುಟ್ಟಿದ ಸಾಧನ ಮಾಲೀಕರನ್ನು ಒಂದೇ ಅಂಗಡಿಗೆ ಕಟ್ಟಿಹಾಕುವ ಹಗ್ಗವೂ ಆಗಿಬಿಟ್ಟಿದೆ ಎಂಬುದಷ್ಟೇ ಇಲ್ಲಿನ ತಕರಾರು. ರಕ್ಷಣೆಯನ್ನು ಉಳಿಸಿಕೊಂಡೇ ಹಗ್ಗ ಬಿಚ್ಚಲು ಸಾಧ್ಯ.

ಈ ಹಗ್ಗ ಎಲ್ಲರನ್ನೂ ಒಂದೇ ರೀತಿ ಬಿಗಿಯುವುದಿಲ್ಲ. ಷೋರೂಮಿನಿಂದ ಹೊಸ ಕಾರು ತಂದವರಿಗೆ ಸಾಮಾನ್ಯವಾಗಿ ಎರಡು ಕೀ ಸಿಗುತ್ತವೆ. ಹಲವು ಕಂಪನಿಗಳು ಕೀ ನಂಬರ್ ಕೊರೆದ ಸಣ್ಣ ಬಿಲ್ಲೆಯನ್ನೂ ಕೊಡುತ್ತವೆ. ಅದೇ ಕಾರು ಎರಡು ಕೈ ದಾಟುವಷ್ಟರಲ್ಲಿ ಒಂದು ಕೀ, ಆ ಬಿಲ್ಲೆ, ಕೆಲವೊಮ್ಮೆ ಮಾಲೀಕರ ಕೈಪಿಡಿ ಎಲ್ಲ ಮಾಯವಾಗಿರುತ್ತವೆ. ಆದ್ದರಿಂದ ಒಂದೇ ಕೀಯ ಕಷ್ಟ ಹೆಚ್ಚಾಗಿ ಬೀಳುವುದು ಸೆಕೆಂಡ್ ಹ್ಯಾಂಡ್ ಕಾರು ಕೊಂಡವರ ಮೇಲೆ, ಅಂದರೆ ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದವರ ಮೇಲೆ. ಟ್ಯಾಕ್ಸಿ ಓಡಿಸಿ ಬದುಕುವವರಿಗೆ ಕಾರು ನಿಂತ ಒಂದೊಂದು ದಿನವೂ ದುಡಿಮೆಯಿಲ್ಲದ ದಿನ. ಬೆಂಗಳೂರಿನಲ್ಲಿ ಕಂಪನಿಯ ಸರ್ವಿಸ್ ಸೆಂಟರ್ ಕೆಲವು ಕಿಲೋಮೀಟರ್ ದೂರದಲ್ಲಿ ಸಿಗಬಹುದು. ಜಿಲ್ಲಾ ಕೇಂದ್ರದಿಂದ ದೂರದ ತಾಲ್ಲೂಕಿನಲ್ಲಿ ಕಾರು ನಿಂತರೆ, ಸ್ಟೀರಿಂಗ್ ಲಾಕ್ ಆದ ವಾಹನವನ್ನು ಚಕ್ರ ಉರುಳಿಸಿ ಎಳೆಯಲೂ ಆಗದೆ ಫ್ಲಾಟ್‌ಬೆಡ್ ಲಾರಿ ಕರೆಸಬೇಕು. ಬೆಲೆ ಮುಂಚೆಯೇ ತಿಳಿಯುವುದಿಲ್ಲ, ಎಷ್ಟು ದಿನವೆಂದು ಖಚಿತವಾಗಿ ಹೇಳುವವರಿಲ್ಲ, ಬೇರೆ ಕಡೆ ವಿಚಾರಿಸೋಣವೆಂದರೆ ಬೇರೆ ಕಡೆಯೇ ಇಲ್ಲ. ಪೈಪೋಟಿಯಿಲ್ಲದ ಮಾರುಕಟ್ಟೆಯ ಲಕ್ಷಣಗಳೆಲ್ಲ ಇಲ್ಲಿವೆ.

ಇದು ಭಾರತದಲ್ಲಿ ಯಾರೂ ಗಮನಿಸದ ಸಮಸ್ಯೆಯೇನಲ್ಲ. ಬಿಡಿಭಾಗ ಹಾಗೂ ರಿಪೇರಿ ಉಪಕರಣಗಳನ್ನು ಹೊರಗಿನ ಗ್ಯಾರೇಜ್‌ಗಳಿಗೆ ಸಿಗದಂತೆ ತಡೆಹಿಡಿದ ಆರೋಪದ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು ₹2,545 ಕೋಟಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷಪತ್ತೆ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಗೆ ಬಿಡಬೇಕೆಂದು ಆದೇಶಿಸಿತು. ಹೊರಗಿನವರ ಕೈಗೆ ಕೊಟ್ಟರೆ ಗ್ರಾಹಕರ ಸುರಕ್ಷತೆಗೆ ಅಪಾಯ, ಇದು ತಮ್ಮ ಬೌದ್ಧಿಕ ಆಸ್ತಿ ಎಂಬ ಕಂಪನಿಗಳ ಸಮರ್ಥನೆಯನ್ನು ಆಯೋಗ ಒಪ್ಪಲಿಲ್ಲ. ನಂತರ ವ್ಯಾಜ್ಯ ಮೇಲ್ಮನವಿಗಳಲ್ಲಿ ವರ್ಷಗಟ್ಟಲೆ ಎಳೆಯಿತು. 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ರಚಿಸಿತು, ಅದೇ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ಶುರುವಾಯಿತು. ಗುರುತಿಸಿದ ನಾಲ್ಕು ವಲಯಗಳಲ್ಲಿ ವಾಹನಗಳೂ ಒಂದು. ದಿಕ್ಕು ಸರಿಯಾಗಿದೆ. ಆದರೆ ಕಂಪನಿಗಳು ಸ್ವಇಚ್ಛೆಯಿಂದ ಮಾಹಿತಿ ಹಾಕುವ ಪೋರ್ಟಲ್ ಕಡೆಯ ಕೀ ಕಳೆದವರ ಕೈಗೆ ಕೀ ಕೊಡುವುದಿಲ್ಲ. ಅದಕ್ಕೆ ಕಡ್ಡಾಯ ನಿಯಮವೇ ಬೇಕು.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಕಳ್ಳತನದ್ದು. ಕೀ ಮಾಡುವ ಮಾಹಿತಿಯನ್ನು ಹೊರಗೆ ಬಿಟ್ಟರೆ ಕಳ್ಳರಿಗೆ ಹಬ್ಬವಲ್ಲವೆ? ಈ ಆತಂಕ ಪ್ರಾಮಾಣಿಕವಾದದ್ದು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ಗುಟ್ಟಾಗಿಟ್ಟದ್ದೆಲ್ಲ ಭದ್ರ ಎಂಬ ನಂಬಿಕೆಗೆ ಆಧಾರ ಸಾಲದು. ವ್ಯವಸ್ಥೆಯ ವಿನ್ಯಾಸ ಶತ್ರುವಿಗೆ ತಿಳಿದರೂ ಕೀ ಒಂದು ಗುಟ್ಟಾಗಿದ್ದರೆ ಸಾಕು, ಸಂದೇಶ ಭದ್ರವಾಗಿರಬೇಕು ಎಂಬ ತತ್ವವನ್ನು ಗೂಢಲಿಪಿ ತಜ್ಞ ಆಗಸ್ಟ್ ಕೆರ್ಕಾಫ್ಸ್ 1883ರಲ್ಲೇ ಮುಂದಿಟ್ಟಿದ್ದ. ಕಾರು ಉದ್ಯಮ ಅದನ್ನು ಬಹುಕಾಲ ಲೆಕ್ಕಿಸಲಿಲ್ಲ. ಅನೇಕ ಕಂಪನಿಗಳು ಬಳಸುತ್ತಿದ್ದ ಮೆಗಾಮೋಸ್ ಕ್ರಿಪ್ಟೊ ಎಂಬ ಇಮೊಬಿಲೈಸರ್ ಚಿಪ್‌ನ ದೌರ್ಬಲ್ಯವನ್ನು ನೆದರ್ಲೆಂಡ್ಸ್ ಮತ್ತು ಬ್ರಿಟನ್ನಿನ ಸಂಶೋಧಕರು ಪತ್ತೆಹಚ್ಚಿದಾಗ, ಇಂಗ್ಲೆಂಡಿನ ಹೈಕೋರ್ಟ್ 2013ರಲ್ಲಿ ಪ್ರಕಟಣೆಗೆ ತಡೆ ನೀಡಿತು. ಪ್ರಬಂಧ ಹೊರಬಂದದ್ದು 2015ರಲ್ಲಿ. ಆ ಎರಡು ವರ್ಷ ಮುಚ್ಚಿಟ್ಟದ್ದರಿಂದ ರಸ್ತೆಯ ಮೇಲಿದ್ದ ಒಂದು ಕಾರಿನ ಚಿಪ್ಪೂ ಗಟ್ಟಿಯಾಗಲಿಲ್ಲ. ಸಂಘಟಿತ ಕಳ್ಳರು ಕಳ್ಳಮಾರುಕಟ್ಟೆಯ ಉಪಕರಣ ತಂದು ಕಾರು ಒಯ್ಯುತ್ತಾರೆ, ಅವರು ಯಾವ ಕಂಪನಿಯ ಅನುಮತಿಗೂ ಕಾಯುವುದಿಲ್ಲ. ಬೀಗ ಹಾಕಿದ ಮಾಹಿತಿಯಿಂದ ನಿಜಕ್ಕೂ ಹೊರಗುಳಿಯುವವನು ನ್ಯಾಯವಾಗಿ ಅಂಗಡಿ ಇಟ್ಟುಕೊಂಡ ಕುಶಲಕರ್ಮಿ.

ಭದ್ರತೆಗೆ ಬೇಕಾದದ್ದು ಮಾಹಿತಿ ಯಾರ ಕೈಗೆ, ಯಾವ ಕಾರಿಗಾಗಿ, ಯಾರ ಒಪ್ಪಿಗೆಯಿಂದ ಹೋಯಿತು ಎಂಬ ಲೆಕ್ಕ. ಹಲವು ದೇಶಗಳು ಈ ಲೆಕ್ಕವನ್ನು ಇಡುತ್ತಿವೆ. ಅಮೆರಿಕದಲ್ಲಿ ವಾಹನ ಭದ್ರತಾ ವೃತ್ತಿಪರರ ನೋಂದಣಿ ಪಟ್ಟಿಯಿದೆ. ಹಿನ್ನೆಲೆ ಪರಿಶೀಲನೆ ಮುಗಿಸಿ ಅದರಲ್ಲಿ ಹೆಸರು ಪಡೆದ ಕೀ ತಂತ್ರಜ್ಞರು ಗ್ರಾಹಕರ ಗುರುತು, ಮಾಲೀಕತ್ವ ಎರಡನ್ನೂ ದಾಖಲಿಸಿಕೊಂಡು ತಯಾರಕರಿಂದ ಕೀ ಸಂಖ್ಯೆ ಪಡೆಯುತ್ತಾರೆ. ಆಸ್ಟ್ರೇಲಿಯಾದಲ್ಲಿ 2022ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ತಯಾರಕರು ಸರ್ವಿಸ್ ಮತ್ತು ರಿಪೇರಿ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜ್‌ಗಳಿಗೆ ನ್ಯಾಯಬೆಲೆಗೆ ಕೊಡಲೇಬೇಕು. ಭದ್ರತೆಗೆ ಸಂಬಂಧಿಸಿದ ಮಾಹಿತಿ ಮಾತ್ರ ಅರ್ಹತೆ ಸಾಬೀತುಪಡಿಸಿದವರಿಗೆ. ಐರೋಪ್ಯ ಒಕ್ಕೂಟವೂ 2023ರಿಂದ ಇಂಥ ಮಾನ್ಯತಾ ವ್ಯವಸ್ಥೆಯನ್ನು ಜಾರಿಗೆ ತಂದಿದೆ. ನಾವು ಈ ವಿಷಯದಲ್ಲಿ ಹಿಂದುಳಿಯಲು ನೆಪವೇ ಇಲ್ಲ. ದೇಶದ ವಾಹನ ನೋಂದಣಿಯ ವಿವರಗಳು ವಾಹನ್ ದತ್ತಾಂಶದಲ್ಲಿವೆ, ಡಿಜಿಲಾಕರ್‌ನ ಆರ್‌ಸಿಗೆ ಕಾನೂನಿನ ಮಾನ್ಯತೆಯಿದೆ. ಮಾಲೀಕರ ನೋಂದಾಯಿತ ಮೊಬೈಲಿಗೆ ಒಟಿಪಿ ಕಳಿಸಿ, ಅವರು ಒಪ್ಪಿದ ಮೇಲಷ್ಟೇ ಆ ಚಾಸಿ ನಂಬರ್‌ನ ಕಾರಿಗೆ ಕೀ ಸಂಖ್ಯೆ ಬಿಡುಗಡೆಯಾಗುವಂತೆ ಮಾಡುವುದು ನಮಗೆ ಕಷ್ಟವಲ್ಲ. ಕಾಗದದ ಜೆರಾಕ್ಸ್ ಇಟ್ಟುಕೊಂಡು ಕೀ ಕೊಡುವುದಕ್ಕಿಂತ ಇದು ಹೆಚ್ಚು ಭದ್ರ.

ಇನ್ನೊಂದು ಆಕ್ಷೇಪ, ಕೀ ಕಳೆದುಕೊಂಡದ್ದು ಮಾಲೀಕರ ಅಜಾಗರೂಕತೆ, ಅದರ ಹೊರೆಯನ್ನು ಅವರೇ ಹೊರಲಿ ಎಂಬುದು. ಹೊರಲಿ, ನಿಜ. ಹೊಸ ಕೀಯ ಬೆಲೆ, ಕುಶಲಕರ್ಮಿಯ ಕೂಲಿ, ತಯಾರಕರ ನ್ಯಾಯವಾದ ಶುಲ್ಕ ಎಲ್ಲವೂ ಅವರದೇ. ಆದರೆ ಅಜಾಗರೂಕತೆಗೆ ದಂಡ ವಿಧಿಸುವ ಅಧಿಕಾರವನ್ನು ಕಂಪನಿಗಳಿಗೆ ಯಾರೂ ಕೊಟ್ಟಿಲ್ಲ. ಕೆಲಸಕ್ಕೆ ತಕ್ಕ ಬೆಲೆ ಬೇರೆ, ಬೇರೆ ದಾರಿಯಿಲ್ಲದವರಿಂದ ಪಡೆಯುವ ಬೆಲೆ ಬೇರೆ. ಬೀದಿ ಬದಿಯ ಕೀ ತಯಾರಕರಿಗೆ ತರಬೇತಿಯಿಲ್ಲ, ಅವರಿಂದ ಕಾರು ಕೆಟ್ಟೀತು ಎಂಬ ಮಾತೂ ಕೇಳಿಬರುತ್ತದೆ. ಅಧಿಕೃತ ಮಾಹಿತಿ ಸಿಗದ ಕಾರಣಕ್ಕೇ ಅವರಲ್ಲಿ ಎಷ್ಟೋ ಮಂದಿ ಕಂಪ್ಯೂಟರ್ ಬಿಚ್ಚುವ ಅಪಾಯದ ದಾರಿ ಹಿಡಿದಿದ್ದಾರೆ. ತರಬೇತಿ, ಪರವಾನಗಿ, ಹೊಣೆಗಾರಿಕೆ ಮೂರೂ ಸಿಕ್ಕರೆ ಆ ಅಪಾಯ ಇಳಿಯುತ್ತದೆ, ನಮ್ಮ ಯುವಕರಿಗೆ ಗೌರವದ ಕಸುಬೊಂದು ದಕ್ಕುತ್ತದೆ. ಐಟಿಐಗಳ ವಾಹನ ತರಗತಿಗಳಲ್ಲಿ ಇದನ್ನು ಕಲಿಸಬಹುದು.

ಹಾಗಾದರೆ ಆಗಬೇಕಾದದ್ದೇನು? ಒಂದನೆಯದು, ಪೊಲೀಸ್ ಪರಿಶೀಲನೆ ಮುಗಿಸಿದ ಕೀ ತಂತ್ರಜ್ಞರ ರಾಷ್ಟ್ರೀಯ ನೋಂದಣಿ. ಅವರಿಗೆ ಮಾಲೀಕರ ಒಪ್ಪಿಗೆಯ ಮೇರೆಗೆ ಗೊತ್ತುಪಡಿಸಿದ ಗಡುವಿನೊಳಗೆ, ಗೊತ್ತುಪಡಿಸಿದ ಶುಲ್ಕಕ್ಕೆ ಮಾಹಿತಿ ಕೊಡುವ ಹೊಣೆ ತಯಾರಕರದ್ದಾಗಬೇಕು. ಎರಡನೆಯದು, ಪ್ರತಿ ಮಾದರಿಯ ಹೆಚ್ಚುವರಿ ಕೀ ಮತ್ತು ಎಲ್ಲ ಕೀ ಕಳೆದಾಗಿನ ಬದಲಿ ಕೀಯ ಬೆಲೆಯನ್ನು ಬಹಿರಂಗವಾಗಿ ಪ್ರಕಟಿಸಬೇಕು. ಮೂರನೆಯದು, ವಾಹನ ಕೈಬದಲಾಗುವಾಗ ತುಂಬುವ 29 ಮತ್ತು 30ನೇ ನಮೂನೆಗಳಲ್ಲಿ ಎಷ್ಟು ಕೀ ಹಸ್ತಾಂತರವಾಯಿತು ಎಂಬ ಒಂದು ಸಾಲು ಸೇರಬೇಕು. 2023ರ ಏಪ್ರಿಲ್‌ನಿಂದ ಹಳೆ ವಾಹನಗಳ ವ್ಯಾಪಾರಿಗಳಿಗೆ ಅಧಿಕೃತ ಪ್ರಮಾಣಪತ್ರದ ವ್ಯವಸ್ಥೆ ಬಂದಿರುವುದರಿಂದ, ಒಂದೇ ಕೀ ಇರುವ ಕಾರನ್ನು ಮಾರುವಾಗ ಅದನ್ನು ಬರಹದಲ್ಲಿ ತಿಳಿಸುವ ಕಟ್ಟುಪಾಡನ್ನು ಅವರ ಮೇಲೆ ಹೇರುವುದು ಸುಲಭ. ಎರಡನೇ ಕೀ ಎಲ್ಲಿದೆಯೋ ಗೊತ್ತಿಲ್ಲದ ಕಾರು ಬೇರೆ ಯಾರೋ ಓಡಿಸಬಹುದಾದ ಕಾರು ಎಂಬುದನ್ನೂ ಕೊಳ್ಳುವವರು ತಿಳಿಯಬೇಕು. ಕಳವಾದಾಗ ವಿಮಾ ಕಂಪನಿ ಎಲ್ಲ ಕೀಗಳನ್ನೂ ಕೇಳುತ್ತದೆ.

ಕಾನೂನು ಬರುವವರೆಗೆ ಮಾಲೀಕರು ತಮ್ಮ ಕೈಲಾದದ್ದನ್ನು ಮಾಡಬಹುದು. ಒಂದೇ ಕೀ ಇದ್ದರೆ ಅದು ಕೈಯಲ್ಲಿರುವಾಗಲೇ ಇನ್ನೊಂದನ್ನು ಮಾಡಿಸಿಕೊಳ್ಳುವುದು, ಕೀ ನಂಬರಿನ ಬಿಲ್ಲೆಯನ್ನು ಕಾರಿನಿಂದ ಹೊರಗೆ ಭದ್ರವಾಗಿಡುವುದು, ವಿಮೆಯಲ್ಲಿ ಕೀ ಬದಲಾವಣೆಯ ಹೆಚ್ಚುವರಿ ರಕ್ಷಣೆ ಸೇರಿಸುವುದು. ಕಳೆದ ಮೇಲೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ವರದಿ ದಾಖಲಿಸುವುದು, ಹೊಸ ಕೀ ಮಾಡಿಸುವಾಗ ಕಳೆದ ಕೀಯನ್ನು ಕಾರಿನ ನೆನಪಿನಿಂದ ಅಳಿಸಲು ಒತ್ತಾಯಿಸುವುದು. ಆದರೆ ಜಾಗರೂಕ ಮಾಲೀಕರ ಮುನ್ನೆಚ್ಚರಿಕೆ ನ್ಯಾಯವಾದ ವ್ಯವಸ್ಥೆಗೆ ಬದಲಿಯಾಗದು. ಮುಂದಿನ ಕಾರುಗಳಲ್ಲಿ ಕೀ ಮೊಬೈಲಿಗೂ ಕಂಪನಿಯ ಸರ್ವರ್‌ಗೂ ಸರಿಯುತ್ತಿದೆ. ಈಗ ಹಕ್ಕನ್ನು ಗಟ್ಟಿಮಾಡಿಕೊಳ್ಳದಿದ್ದರೆ ನಾಳೆ ಕೇಳುವುದು ಇನ್ನೂ ಕಷ್ಟ. ಗ್ರಾಹಕ ವ್ಯವಹಾರಗಳ ಇಲಾಖೆ ಮತ್ತು ಸಾರಿಗೆ ಸಚಿವಾಲಯ ಒಟ್ಟಿಗೆ ಕೂತು ದುರಸ್ತಿ ಹಕ್ಕನ್ನು ಕಡ್ಡಾಯ ಕಾನೂನಾಗಿಸಲಿ, ಅದರಲ್ಲಿ ವಾಹನದ ಕೀಗೆ ಸ್ಪಷ್ಟವಾದ ಸ್ಥಾನವಿರಲಿ.