ಅವ್ವನ ಜನವೋ, ಅಪ್ಪನ ಜನವೋ?

ಹಾಸ್ಟೆಲಿನ ಗೆಳೆಯ ಗೆಳತಿಯರೇ,

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ - ಯಾವ ಊರಿನ ಟೀ ಅಂಗಡಿಗೆ ಹೋದರೂ ಹೆಸರು ಕೇಳಿದ ಮೇಲೆ ಎರಡನೇ ಪ್ರಶ್ನೆ ಒಂದೇ: 'ಯಾವ ಜನ ನೀವು?' ಅವ್ವ ಒಕ್ಕಲಿಗರವಳು, ಅಪ್ಪ ಹೊಲೇರವನು ಆದ ಹುಡುಗ ಏನು ಹೇಳಬೇಕು? ಒಂದು ಕಡೆ ಹೇಳಿದರೆ ಅವ್ವ ಇಲ್ಲವಾಗುತ್ತಾಳೆ, ಇನ್ನೊಂದು ಕಡೆ ಹೇಳಿದರೆ ಅಪ್ಪ.

ಇಂಥ ಮಗು ಹುಟ್ಟಲೇಬಾರದು ಅಂತ ನಮ್ಮ ಮಂಡ್ಯ ಜಿಲ್ಲೆಯಲ್ಲಿ ಕೊಲೆಯಾಗಿದೆ. 2011ರಲ್ಲಿ ಮದ್ದೂರು ತಾಲ್ಲೂಕಿನ ಆಬಲವಾಡಿಯಲ್ಲಿ ದಲಿತ ಹುಡುಗನನ್ನು ಪ್ರೀತಿಸಿದ ಒಕ್ಕಲಿಗರ ಹುಡುಗಿ ಸತ್ತಳು. ಆಪಾದನೆ ಬಂದದ್ದು ಅವಳ ಮನೆಯವರ ಮೇಲೇ. ಅಂತರ್ಜಾತಿ ಮದುವೆಯೇ ಜಾತಿರೋಗಕ್ಕೆ ಮದ್ದು ಅಂತ ಬಾಬಾಸಾಹೇಬರು 1936ರಲ್ಲೇ ಬರೆದರು. ಮದ್ದು ಕಂಡರೆ ರೋಗಕ್ಕೆ ಭಯ, ಅದಕ್ಕೇ ಕತ್ತಿ.

'ಹಾಗಾದರೆ ಜಾತಿ ಕಾಲಂ ತೆಗೆದುಬಿಡಿ' ಅನ್ನುವ ಜಾಣರಿದ್ದಾರೆ. ಆಫ್ರಿಕಾದ ರುವಾಂಡಾ ನೋಡಿ. 1994ರಲ್ಲಿ ಸುಮಾರು 100 ದಿನಗಳಲ್ಲಿ ಲಕ್ಷಾಂತರ ಟುಟ್ಸಿಗಳನ್ನು ಕೊಂದರು. ಗುರುತಿನ ಚೀಟಿಯಲ್ಲಿದ್ದ ಜನಾಂಗವೇ ಸಾವಿನ ಚೀಟಿಯಾಯಿತು. ಮಕ್ಕಳಿಗೆ ಬರೆಯುತ್ತಿದ್ದುದು ಅಪ್ಪನ ಜನಾಂಗ. ಆಮೇಲೆ ಸರ್ಕಾರ ಚೀಟಿಯಿಂದ ಅದನ್ನು ಅಳಿಸಿತು. ಆದರೆ ಅಪ್ಪ ಹುಟು, ಅವ್ವ ಟುಟ್ಸಿ ಆದ ಮಕ್ಕಳ ಎದೆಯೊಳಗಿನ ಪ್ರಶ್ನೆಯನ್ನು ಯಾವ ರಬ್ಬರು ಅಳಿಸುತ್ತದೆ?

ನಮಗೆ ಆ ಕಾಲಂ ಬರೀ ಅವಮಾನವಲ್ಲ. ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು, ಮೀಸಲಾತಿ ಬಂದದ್ದು ಅದರಿಂದಲೇ. ಅಳಿಸಬೇಕಾದದ್ದು ಮೇಲುಕೀಳನ್ನು, ಕಾಲಮ್ಮನ್ನಲ್ಲ. ಇದೂ ಗೊತ್ತಿರಲಿ: ಅಪ್ಪ ಮೇಲ್ಜಾತಿಯಾದರೂ, ಅವ್ವನ ದಲಿತ ಕೇರಿಯಲ್ಲಿ ಬೆಳೆದು ಅದೇ ಅವಮಾನ ಉಂಡ ಮಗು ಅದನ್ನು ರುಜುವಾತು ಮಾಡಿ ಅವ್ವನ ಜಾತಿಯ ಹಕ್ಕು ಕೇಳಬಹುದು ಅಂತ ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಅಪ್ಪನ ಜಾತಿಯೇ ಕೊನೇ ಮಾತಲ್ಲ. 'ಆಗಲ್ಲ ಹೋಗು' ಅಂತ ಕಚೇರಿಯಲ್ಲಿ ಅಂದರೆ ಸುಮ್ಮನೆ ವಾಪಸು ಬರಬೇಡಿ.

ಬೈಯುವುದನ್ನು ನಮ್ಮಿಂದಲೂ ಶುರು ಮಾಡೋಣ. ಹೊಲೆಯರ ಹುಡುಗ ಮಾದಿಗರ ಹುಡುಗಿಯನ್ನು ಮದುವೆಯಾದರೆ ನಮ್ಮ ಕೇರಿಗಳಲ್ಲೇ ಮುಖ ತಿರುಗಿಸುವುದಿಲ್ಲವೇ? ಬೆರಕೆ ಮನೆಯ ಹುಡುಗ ರೂಮಿಗೆ ಬಂದರೆ 'ನೀನು ಪೂರ್ತಿ ನಮ್ಮವನಲ್ಲ ಬಿಡೋ' ಅಂತ ನಾವೂ ನಕ್ಕಿದ್ದೇವೆ. ಊರು ಮಾಡಿದ್ದನ್ನೇ ಕೇರಿಯೂ ಮಾಡಿದರೆ ಚಳವಳಿ ಯಾಕೆ ಬೇಕು?

ಆ ಹುಡುಗನ ತಟ್ಟೆ ನಮ್ಮ ಸಾಲಿನಲ್ಲೇ ಇರಲಿ. ಅವನು ಅರ್ಧ ನಮ್ಮವನಲ್ಲ, ಬಾಬಾಸಾಹೇಬರು ಕಂಡ ನಾಳೆಯ ಪೂರ್ತಿ ಮನುಷ್ಯ.

ಜೈ ಭೀಮ್!