ಬ್ಯಾಗಲ್ಲಿ ಗಾಳ ಇರಬೇಕಾ?

ಇಂಟರ್ನಲ್ಸ್ ಮುಗಿದ ದಿನ ಸಂಜೆ ಮಂಡಕ್ಕಿ-ಮಿರ್ಚಿ ತಿನ್ನುತ್ತಾ ನಾವು ಏಳು ಜನ ಒಂದು ತೀರ್ಮಾನಕ್ಕೆ ಬಂದ್ವಿ. ಈ ಸಲ ಟ್ರಿಪ್ ಅಂದ್ರೆ ಜೋಗ ಬೇಡ, ಗೋಕರ್ಣ ಬೇಡ. ನದಿ ದಂಡೆ ಮೇಲೆ ಟೆಂಟು, ಕೈಯಲ್ಲಿ ಗಾಳ, ರಾತ್ರಿ ಬೆಂಕಿ ಸುತ್ತ ಕೂತು ಹರಟೆ. ಒಬ್ಬ ಮೊಬೈಲಲ್ಲಿ ಮಂಡ್ಯ ಜಿಲ್ಲೆಯ ಭೀಮೇಶ್ವರಿ ತೋರಿಸಿದ, ಇನ್ನೊಬ್ಬ ತಮಿಳುನಾಡಿನ ಹೊಗೇನಕಲ್ ತೋರಿಸಿದ. ಎರಡೂ ಕಾವೇರಿನೇ. ಒಂದು ರಾತ್ರಿ ಇಲ್ಲಿ, ಒಂದು ರಾತ್ರಿ ಅಲ್ಲಿ ಅಂತ ಆಯ್ತು. ವಾಟ್ಸಾಪ್ ಗ್ರೂಪಿಗೆ ‘ಮೀನು ಮಂಡಳಿ’ ಅಂತ ಹೆಸರೂ ಇಟ್ಟಾಯ್ತು.

ಆಮೇಲೆ ಮೂರು ವಾರ ನಡೆದದ್ದು ಪ್ಲಾನಿಂಗ್ ಅಲ್ಲ, ಜಗಳ. ಆ ಜಗಳದಲ್ಲಿ ನಾವು ಕಲಿತದ್ದು ಟ್ರಿಪ್‌ಗಿಂತ ದೊಡ್ಡದು ಅನ್ನಿಸಿದ್ದರಿಂದ ಇಲ್ಲಿ ಬರೀತಾ ಇದ್ದೀವಿ.

ಮೊದಲು ದಾರಿ ಲೆಕ್ಕ. ದಾವಣಗೆರೆಯಿಂದ ಬೆಂಗಳೂರಿಗೆ ರಸ್ತೆ ಲೆಕ್ಕದಲ್ಲಿ ಸುಮಾರು 260 ಕಿ.ಮೀ., ನಾವು ಹೋಗೋದು ಟ್ರೇನಲ್ಲಿ. ಅಲ್ಲಿಂದ ಕನಕಪುರ, ಹಲಗೂರು ದಾಟಿ ಭೀಮೇಶ್ವರಿಗೆ ಇನ್ನೂ ಸುಮಾರು 100. ಹೊಗೇನಕಲ್ ಅದೇ ನದಿಯ ಕೆಳಗಡೆ ಇದ್ದರೂ ನದಿ ಪಕ್ಕ ರಸ್ತೆ ಇಲ್ಲ. ಕಾಡು ಬಳಸಿ, ಗಡಿ ದಾಟಿ ಹೋಗಬೇಕು. ಬಾಡಿಗೆಗೆ ವೈಟ್ ಬೋರ್ಡ್ ಗಾಡಿ ತಗೊಂಡು ಹೋಗಾಣ ಅಂದ ಗೆಳೆಯನಿಗೆ ಅದು ನಿಯಮಕ್ಕೆ ವಿರುದ್ಧ ಅಂತ ಹೇಳಿದ್ವಿ. ಯೆಲ್ಲೋ ಬೋರ್ಡ್ ಗಾಡಿಗೆ ಆಚೆ ರಾಜ್ಯದ ಪರ್ಮಿಟ್ ಬೇಕು. ತಿಂಗಳು ಯಾವುದು ಅನ್ನೋದೂ ಮುಖ್ಯ. ಸೆಪ್ಟೆಂಬರ್ ಬೇಡ ಅಂತ ಎಲ್ಲರೂ ಒಪ್ಪಿದ್ವಿ. ಮಳೆ ಕೈಕೊಟ್ಟ ವರ್ಷ ಆ ತಿಂಗಳಲ್ಲಿ ಕಾವೇರಿ ಗಲಾಟೆ ಶುರುವಾಗುತ್ತೆ, ಗಡಿಯಲ್ಲಿ ಬಸ್ಸು ನಿಲ್ಲುತ್ತೆ. 2016ರಲ್ಲಿ ಬೆಂಗಳೂರಲ್ಲಿ ಬಸ್ಸುಗಳೇ ಸುಟ್ಟವು, 2023ರ ಸೆಪ್ಟೆಂಬರ್ 29ಕ್ಕೆ ಕರ್ನಾಟಕ ಬಂದ್ ಆಗಿತ್ತು. ಜನವರಿ ಅಂತ ಬರೆದುಕೊಂಡ್ವಿ.

ಇಷ್ಟೆಲ್ಲಾ ಆದ ಮೇಲೆ ಗೊತ್ತಾದ ವಿಷಯ: ಭೀಮೇಶ್ವರಿಯಲ್ಲಿ ಗಾಳ ಹಾಕೋ ಹಾಗೇ ಇಲ್ಲ.

ಹೆಸರಿಗೆ ಅದು ಕಾವೇರಿ ಫಿಶಿಂಗ್ ಕ್ಯಾಂಪ್ ಆಗಿತ್ತು. ಸರ್ಕಾರದ ಜಂಗಲ್ ಲಾಡ್ಜಸ್ ನಡೆಸುತ್ತಿದ್ದ ಈ ಕ್ಯಾಂಪಿಗೆ ದೇಶ ವಿದೇಶದ ಗಾಳದ ಹುಚ್ಚಿನವರು ಬರ್ತಿದ್ದರು. ಮಹಶೀರ್ ಹಿಡಿದು, ತೂಕ ನೋಡಿ, ಫೋಟೋ ತೆಗೆಸಿಕೊಂಡು, ವಾಪಸ್ ನೀರಿಗೆ ಬಿಡಬೇಕು ಅನ್ನೋದು ಅಲ್ಲಿನ ಶಿಸ್ತು. ಆದರೆ ಆ ಜಾಗ 1987ರಿಂದಲೇ ಕಾವೇರಿ ವನ್ಯಜೀವಿ ಧಾಮದ ಭಾಗ. ಕಾನೂನಿನ ಕಣ್ಣಿಗೆ ಮೀನೂ ಒಂದು ಪ್ರಾಣಿ, ಗಾಳ ಹಾಕೋದೂ ಬೇಟೆ. ಹಾಗಾಗಿ 2010ರ ದಶಕದ ಶುರುವಿನಲ್ಲಿ ಗಾಳ ನಿಂತಿತು. ಈಗ ಅಲ್ಲಿ ಸಿಗೋದು ಹರಿಗೋಲು, ಕಯಾಕಿಂಗ್, ಹಗ್ಗದ ಆಟ.

‘ಹಂಗಾರೆ ಹೊಗೇನಕಲ್ಲಲ್ಲೇ ಹಿಡಿಯಾಣ ಬಿಡ್ರಿ’ ಅಂದ ಒಬ್ಬ. ಜಗಳ ಶುರುವಾಗಿದ್ದೇ ಇಲ್ಲಿ.

ಮೇಕೆದಾಟಿನಿಂದ ಕೆಳಗೆ ಸುಮಾರು 60 ಕಿ.ಮೀ. ಕಾವೇರಿಯೇ ಎರಡು ರಾಜ್ಯಗಳ ಗಡಿ. ಈ ದಡ ಕರ್ನಾಟಕ, ಆ ದಡ ತಮಿಳುನಾಡು. ಗಡಿಯಲ್ಲಿರೋ ಬಿಳಿಗುಂಡ್ಲುನಲ್ಲಿ ನೀರನ್ನು ಅಳೀತಾರೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಾಮಾನ್ಯ ವರ್ಷದಲ್ಲಿ 177.25 ಟಿಎಂಸಿ ಅಲ್ಲಿ ದಾಟಬೇಕು. ದಶಾಂಶ ಚಿಹ್ನೆ ಸಮೇತ ಲೆಕ್ಕ. ಆ ನೀರಿನ ಒಳಗೆ ಈಜೋ ಮೀನಿಗೆ ಮಾತ್ರ ಅಂಥ ಒಪ್ಪಂದ ಯಾವುದೂ ಇಲ್ಲ. ಮೇಲುಗಡೆ ಅದು ಸಂರಕ್ಷಿತ ವನ್ಯಜೀವಿ, ಹೊಗೇನಕಲ್ಲಿಗೆ ಇಳಿದರೆ ಖಾರ ಹಚ್ಚಿದ ಫ್ರೈ. ಆಚೆ ದಡದ ಕಾಡಿಗೂ 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ಅಂತ ಎರಡು ಧಾಮ ಘೋಷಣೆ ಆಗಿದೆ. ಆದರೂ ಹೊಗೇನಕಲ್ ಬಂಡೆಗಳ ಮೇಲೆ ಮೀನು ಕರಿಯೋ ಒಲೆಗಳು ಉರೀತಾನೇ ಇವೆ. ಆ ಒಲೆ ಹಿಂದೆ ನೂರಾರು ಮನೆಗಳ ಊಟ ಇದೆ ಅನ್ನೋದನ್ನೂ ಮರೆಯೋ ಹಾಗಿಲ್ಲ.

ಈ ಮೀನಿನ ಬಗ್ಗೆ ಓದಿದಷ್ಟೂ ನಮ್ಮ ಗಾಳದ ಉತ್ಸಾಹ ಇಳೀತು. ನಮ್ಮಲ್ಲಿ ಐದು ಜನ ಇಂಗ್ಲಿಷ್ ಮೀಡಿಯಂ, ‘ಹಂಪ್‌ಬ್ಯಾಕ್ ಮಹಶೀರ್’ ಅನ್ನೋ ಹೆಸರು ಟಿವಿ ನೋಡಿ ಬಾಯಿಪಾಠ. ಕಾವೇರಿ ದಂಡೆಯವರು ಮಹಶೀರನ್ನು ಬಿಳಿಮೀನು ಅಂತಾರೆ ಅನ್ನೋದು ಗೊತ್ತಾಗಿದ್ದು ಈಗ. ಬೆನ್ನು ಗೂನಾಗಿರೋ ಈ ಜಾತಿ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ನಮ್ಮ ಮಂಡಳಿಯ ಇಬ್ಬರು ಅದಕ್ಕಿಂತ ಕಡಿಮೆ ತೂಗ್ತಾರೆ! ಇಷ್ಟು ದೊಡ್ಡ ಪ್ರಾಣಿಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ, ಟಾರ್ ರೆಮಾದೇವಿ ಅಂತ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ತೀರಾ ಅಪಾಯದ ವರ್ಗಕ್ಕೆ ಸೇರಿತು. ಹೆಸರು ಸಿಕ್ಕ ಹೊತ್ತಿಗೆ ಐಸಿಯು.

ಹಾಗಾದರೆ ಗಾಳದವರೇ ವಿಲನ್ನಾ? ಇಲ್ಲ ಅಂತ ಮಂಡಳಿಯ ಒಬ್ಬ ಹಟ ಹಿಡಿದ, ಅವನ ಮಾತಲ್ಲಿ ಹುರುಳಿದೆ. ಈ ಮೀನು ಕಮ್ಮಿಯಾಗ್ತಿದೆ ಅಂತ ಗೊತ್ತಾದದ್ದೇ ಗಾಳದವರ ಪುಸ್ತಕದಿಂದ. ಗಾಲಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕ ಇಟ್ಟಿದ್ದರು. ಅದನ್ನೇ ಹಿಡಿದು ಸಂಶೋಧಕರು ನೋಡಿದಾಗ ಗೂನುಬೆನ್ನಿನ ಮೀನು ಇಳೀತಾ, ಹೊರಗಿನಿಂದ ತಂದು ಬಿಟ್ಟ ಇನ್ನೊಂದು ಮಹಶೀರ್ ಏರ್ತಾ ಇರೋದು ಕಂಡಿತು. ಆ ಇನ್ನೊಂದನ್ನು ಲೋಣಾವಳದ ಹ್ಯಾಚರಿಯಲ್ಲಿ ಬೆಳೆಸಿ, ನದಿಗೆ ಒಳ್ಳೇದಾಗಲಿ ಅಂತಲೇ ಬಿಟ್ಟಿದ್ದು. ಕ್ಯಾಂಪಿನಲ್ಲಿ ಗೈಡುಗಳಾಗಿದ್ದವರು ಸುತ್ತಲ ಹಳ್ಳಿಯವರು, ಕೆಲವರು ಹಿಂದೆ ಕದ್ದು ಮೀನು ಹಿಡೀತಿದ್ದವರೇ. ಅವರು ದಡದಲ್ಲಿ ಇದ್ದಷ್ಟು ದಿನ ಡೈನಮೈಟ್ ಹಾಕೋರು ಹತ್ತಿರ ಸುಳಿಯೋದು ಕಷ್ಟ ಇತ್ತು. ಗಾಳ ನಿಲ್ಲಿಸಿದಾಗ ಆ ಕಣ್ಣುಗಳೂ ಹೋದವು, ಲೆಕ್ಕದ ಪುಸ್ತಕವೂ ಮುಚ್ಚಿತು. ಬರೀ ನಿಷೇಧದಿಂದ ಮೀನು ಉಳಿಯುತ್ತೆ ಅಂತ ನಾವೂ ನಂಬಲ್ಲ. ಆ ಗೈಡುಗಳಿಗೆ ಸಂಬಳ ಕೊಟ್ಟು ಕಾವಲಿಗೆ, ಮೀನಿನ ಗಣತಿಗೆ ಇಟ್ಟುಕೊಳ್ಳಬೇಕಿತ್ತು, ಈಗಲೂ ಇಟ್ಟುಕೊಳ್ಳಬಹುದು. ಆದರೆ ಇದರಿಂದ ನಮ್ಮ ವೀಕೆಂಡಿಗೆ ಗಾಳ ಹಾಕೋ ಹಕ್ಕು ಬರುತ್ತಾ? ನಾವು ಲೆಕ್ಕ ಬರೆಯೋಕೆ ಹೊರಟವರಲ್ಲ. ರೀಲ್ಸ್ ಮಾಡೋಕೆ ಹೊರಟವರು.

ಜಗಳ ನಿಲ್ಲಿಸಿದ್ದು ಹರಿಹರದ ಗೆಳೆಯ. ಅವನ ಮನೆ ಕಡೆ ತಲೆಮಾರಿನಿಂದ ತುಂಗಭದ್ರೆಯಲ್ಲಿ ಬಲೆ ಬೀಸಿದವರು. ಅಲ್ಲಿತನಕ ಸುಮ್ಮನೆ ಕೇಳ್ತಿದ್ದವನು, ‘ಅಲ್ರಲೇ, ರೊಕ್ಕ ಕೊಟ್ಟು ಮೀನು ಹಿಡದು, ಬಾಯಿಗೆ ಗಾಯ ಮಾಡಿ, ಮತ್ತ ನೀರಿಗೆ ಬಿಡ್ತಾರಾ? ನಮ್ಮ ದೊಡ್ಡಪ್ಪಗ ಹೇಳಿದ್ರ ನಗ್ತಾನ. ನೀವು ಎಂದಾರ ನಮ್ಮ ಹೊಳಿ ನೋಡೀರೇನು?’ ಅಂದ.

ನೋಡಿದ್ದೀವಿ, ಬಸ್ ಕಿಟಕಿಯಿಂದ. ಹದಿನೈದು ಕಿಲೋಮೀಟರೂ ಇಲ್ಲದ ಹರಿಹರಕ್ಕೆ ದೇವಸ್ಥಾನ ನೋಡೋಕೆ ಹೋದವರು ಮೂರು ಜನ, ನೀರಿಗೆ ಇಳಿದವರು ಯಾರೂ ಇಲ್ಲ.

ಗಡಿ ದಾಟೋದೇ ದೊಡ್ಡ ಥ್ರಿಲ್ ಅಂದುಕೊಂಡಿದ್ವಿ. ಹರಿಹರದ ಹೊಳೆಯೂ ಒಂದು ಕಾಲದ ಗಡಿಯೇ. 1956ರ ನವೆಂಬರ್ 1ರ ತನಕ ಈ ದಡ ಮೈಸೂರು ರಾಜ್ಯ, ಆ ದಡ ಮುಂಬೈ ರಾಜ್ಯ. ಈಗಲೂ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ. ಗಡಿಯಲ್ಲಿರೋ ಮೀನಿಗೆ ಏನಾಗುತ್ತೆ ಅನ್ನೋದನ್ನು ನೋಡೋಕೆ ಹೊಗೇನಕಲ್ ತನಕ ಹೋಗಬೇಕಾಗೂ ಇಲ್ಲ. 1980ರ ದಶಕದಲ್ಲಿ ಆಚೆ ದಡದ ಕಾರ್ಖಾನೆಯ ಹೊಲಸು ನೀರು ಹೊಳೆಗೆ ಸೇರಿ ಮೀನುಗಳು ರಾಶಿ ರಾಶಿ ಸತ್ತವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ದಂಡೆ ಹಳ್ಳಿಯವರನ್ನು ಸೇರಿಸಿಕೊಂಡು ಹೋರಾಡಿದ್ದು ಆಗಲೇ. ಕಾರ್ಖಾನೆ ಇದ್ದದ್ದು ಆಗಿನ ಧಾರವಾಡ ಜಿಲ್ಲೆ, ಹರಿಹರ ಪಟ್ಟಣ ಆಗಿನ ಚಿತ್ರದುರ್ಗ ಜಿಲ್ಲೆ. ಇದೇ ತುಂಗೆಯಲ್ಲಿ ಮೇಲುಗಡೆ ಶೃಂಗೇರಿ ಮಠದ ಮೆಟ್ಟಿಲ ಹತ್ತಿರ ಮೀನುಗಳಿಗೆ ಮಂಡಕ್ಕಿ ಹಾಕ್ತೀವಿ, ಅಲ್ಲಿ ಯಾರಾದರೂ ಗಾಳ ಹಾಕಿದರೆ ಸುಮ್ಮನೆ ಬಿಡಲ್ಲ. ಹರಿಹರಕ್ಕೆ ಬರೋ ಹೊತ್ತಿಗೆ ಆ ಮರ್ಯಾದೆ ನೀರಿನ ಜೊತೆ ಬಂದಿಲ್ಲ. ಗೆಳೆಯನ ದೊಡ್ಡಪ್ಪ ಹೇಳೋದು, ಈಗ ಬಲೆಗೆ ಬೀಳೋದರಲ್ಲಿ ಕಟ್ಲಾ, ರೋಹು ಜಾಸ್ತಿ, ಅಂದರೆ ತಂದು ಬಿಟ್ಟ ಮೀನೇ; ಬಾಳೆಮೀನು ಬಿದ್ದ ದಿನ ಮನೇಲಿ ಸುದ್ದಿ.

ಹಾಗಂತ ಕಾವೇರಿ ಟ್ರಿಪ್ ಕೈಬಿಟ್ಟಿಲ್ಲ, ಮುಂದಿನ ವರ್ಷಕ್ಕೆ ಹಾಕಿದ್ದೀವಿ. ನೀವು ಹೋಗೋರಾದರೆ ನಮ್ಮ ಅಭಿಪ್ರಾಯ ಇಷ್ಟು. ಗಾಳ ಮನೇಲಿ ಬಿಡಿ, ಎರಡೂ ದಡದಲ್ಲಿ. ಅಲ್ಲಿ ಕಠಿಣ ನಿಯಮ ಯಾವ ದಡದ್ದೋ ಅದನ್ನೇ ಎರಡೂ ಕಡೆ ಪಾಲಿಸಿ. ಮೀನಿಗೆ ರಾಜ್ಯ ಗೊತ್ತಿಲ್ಲ. ಹೊಗೇನಕಲ್ಲಲ್ಲಿ ಫ್ರೈ ತಿನ್ನೋದಾದರೆ ಯಾವ ಮೀನು ಅಂತ ಕೇಳಿ, ಬಿಳಿಮೀನು ಅಂದರೆ ಬೇಡ ಅನ್ನಿ. ಕಾಡೊಳಗೆ ಸಿಕ್ಕಲ್ಲಿ ಟೆಂಟ್ ಹಾಕೋದು ಅಪರಾಧ, ಆನೆ ಬೇರೆ ಓಡಾಡ್ತವೆ. ಮುಖ್ಯವಾಗಿ ನೀರಿಗೆ ಇಳೀಬೇಡಿ. ಮುತ್ತತ್ತಿ, ಸಂಗಮ, ಮೇಕೆದಾಟುವಿನಲ್ಲಿ ಮುಳುಗಿದವರಲ್ಲಿ ನಮ್ಮ ವಯಸ್ಸಿನ ವಿದ್ಯಾರ್ಥಿಗಳು ತುಂಬಾ ಜನ. ಮೇಲೆ ನಿಂತ ಹಾಗೆ ಕಾಣೋ ನೀರಿನ ಕೆಳಗೆ ಬಂಡೆ, ಸುಳಿ ಎರಡೂ ಇವೆ, ಮೊಸಳೆಯೂ ಇದೆ.

ಈ ಜನವರಿಯ ಪ್ಲಾನ್ ಬದಲಾಗಿದೆ. ಎರಡನೇ ಭಾನುವಾರ ಬೆಳಿಗ್ಗೆ ಐದಕ್ಕೆ ಹರಿಹರದ ದಂಡೆಯಲ್ಲಿ ಇರಬೇಕು, ಗೆಳೆಯನ ದೊಡ್ಡಪ್ಪ ತೆಪ್ಪ ಇಳಿಸೋ ಹೊತ್ತಿಗೆ. ಅವರು ಹಾಕಿದ ಷರತ್ತು ಒಂದೇ: ಮೊಬೈಲ್ ಹಿಡಕೊಂಡು ಎದ್ದು ನಿಲ್ಲೋ ಹಂಗಿಲ್ಲ. ಬಲೆಗೆ ಬಿದ್ದ ಮೀನುಗಳ ಹೆಸರು, ಕನ್ನಡದ ಹೆಸರು, ಒಂದು ನೋಟ್‌ಬುಕ್ಕಲ್ಲಿ ಬರೀತೀವಿ. ತೂಕವನ್ನೂ. ತೆಪ್ಪದಲ್ಲಿ ಸಲಕ್ಕೆ ಇಬ್ಬರಿಗೆ ಮಾತ್ರ ಜಾಗ, ನಮ್ಮಲ್ಲಿ ನಾಲ್ಕು ಜನಕ್ಕೆ ಈಜು ಬರಲ್ಲ. ಯಾರ ಹತ್ತಿರಾದರೂ ಲೈಫ್ ಜಾಕೆಟ್ ಇದ್ದರೆ ಕ್ಲಬ್‌ನವರಿಗೆ ತಿಳಿಸಿ.